ಟವೆಲ್ಲಿನ ಕೆಳಗೆ ಐದು ಗಾಲಿಗಳು

ಅಥವಾ ಅದು ಕೆಂಪಾಗಿರಲೇ ಇಲ್ಲವೇನೋ. ಕೆಂಪು ಎಂದು ನಾನು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಓಟದ ಕಾರು ಎಂದ ಮೇಲೆ ಕೆಂಪಿರಲೇಬೇಕು ಎಂದು ಕೇಳುವವರೂ ನಂಬಿರುವುದರಿಂದ ನನಗೆ ಅನುಕೂಲವಾಗಿದೆ. ಆದರೆ ನನ್ನ ತಮ್ಮ ಅದು ಹಸಿರಿತ್ತು ಎನ್ನುತ್ತಾನೆ. ಕಾಕಾನ ಮಗಳು ಅದಕ್ಕೆ ಬಣ್ಣವೇ ಇರಲಿಲ್ಲ, ಬರೀ ತುಕ್ಕು ಎನ್ನುತ್ತಾಳೆ. ಮೂವರೂ ಆಳಂದದ ಒಂದೇ ಅಂಗಳದಲ್ಲಿ ನಿಂತು ಅದನ್ನು ನೋಡಿದವರು. ಬಣ್ಣದ ವಿಷಯ ಬಿಟ್ಟುಬಿಡಿ. ಗಾಲಿಗಳ ಬಗ್ಗೆ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಗಾಲಿಗಳು ಐದು ಇದ್ದವು, ಸೈಕಲ್ಲಿಗಿರುವ ಹಾಗೆ ಕಡ್ಡಿಗಳಿದ್ದವು, ಒಂದು ಗಾಲಿಯಲ್ಲಿ ಮುರಿದ ಕಡ್ಡಿಗೆ ತಾಮ್ರದ ತಂತಿ ಸುತ್ತಿತ್ತು. ಆ ತಂತಿ ಸುತ್ತಿದವನು ನಾನೇ. ಸುತ್ತುವಾಗ ಹೆಬ್ಬೆರಳಿಗೆ ಚುಚ್ಚಿಕೊಂಡ ಗುರುತು ಈಗಲೂ ಇದೆ. ಅದು ಬೇರೆ ಯಾವುದೋ ಗಾಯದ ಗುರುತಾಗಿರಲೂಬಹುದು.

ಇದೆಲ್ಲ ನೆನಪಾದದ್ದು ಮೊನ್ನೆ ಕಲಬುರ್ಗಿಯಲ್ಲಿ. ಸ್ಕೂಟರಿಗೆ ಟೈರು ಹಾಕಿಸಲು ಹೋಗಿದ್ದೆ. ಅಂಗಡಿಯವನು ನಾಲ್ಕು ಜನರೆದುರಿಗೆ, ಅದೂ ದೊಡ್ಡ ದನಿಯಲ್ಲಿ, ರೇಟು ಹೇಳಿಬಿಟ್ಟ. ನನಗೆ ಮೈಮೇಲಿನ ಅಂಗಿ ಜಾರಿದಂತಾಯಿತು. ಬಲಗೈ ತಾನಾಗಿ ಹೆಗಲಿಗೆ ಹೋಗಿ ಟವೆಲ್ಲು ಹುಡುಕಿತು. ನಾನು ಟವೆಲ್ಲು ಹಾಕುವವನೇ ಅಲ್ಲ.

"ಏನ್ ಹುಡುಕಾಕತ್ತೀರಿ ಸರ್?" ಎಂದ ಅವನು.

"ಏನಿಲ್ಲಪ್ಪ, ಸೊಳ್ಳಿ," ಎಂದೆ.

ಶಿವಶರಣಪ್ಪ ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಆಳಂದದಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ. ಅಂಗಡಿಗೊಂದು ತಿಜೋರಿ ತರುತ್ತೇನೆಂದು ಹೈದರಾಬಾದಿಗೆ ಹೋದವನು ತಿಜೋರಿ ತರಲಿಲ್ಲ. ಯಾವುದೋ ಹಳೆಯ ಜಾಗೀರದಾರರ ಮನೆಯ ಸಾಮಾನೆಲ್ಲ ಮಾರುತ್ತಿದ್ದರಂತೆ. ಅಲ್ಲಿಂದ ಒಂದು ವಿಲಾಯತಿ ಕಾರನ್ನು ಲಾರಿಯ ಹಿಂದೆ ಕಟ್ಟಿಕೊಂಡು ಬಂದ. ಮುಂದೆ ಎರಡು ಸೀಟು, ಹಿಂದೆ ಏನೂ ಇಲ್ಲ. ಮೇಲೆ ಛಾವಣಿಯೂ ಇಲ್ಲ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಾಗಿದ್ದ ಕಾಲ ಅದು. ಊರಿನ ಜನ ಕಾರಿನ ಸುತ್ತ ನಿಂತು, ಇದಕ್ಕೆ ಯಾವ ಲೈಸೆನ್ಸ್ ಬೇಕು, ದನದ್ದೋ ಗಾಡಿಯದ್ದೋ ಎಂದು ಚರ್ಚಿಸಿದರು.

ಮನೆಯಲ್ಲಿ ನಾವು ಹದಿನಾರು ಜನ. ಬಿ.ಎಸ್ಸಿ.ಯಲ್ಲಿ ಗಣಿತದ ಒಂದು ಪೇಪರು ಉಳಿಸಿಕೊಂಡು ನಾನು ಅಲ್ಲಿಯೇ ಠಿಕಾಣಿ ಹೂಡಿದ್ದೆ. ಕಾಲೇಜು ಓದಿದವನೆಂದು ಜನ ನನ್ನನ್ನು ಮಾಸ್ತರ ಎನ್ನುತ್ತಿದ್ದರು. ನನಗಿದ್ದ ಮುಖ್ಯ ಕೆಲಸ ಕಾಕಾ ಮತ್ತು ಮಹಾನಂದಾ ಕಾಕು ನಡುವೆ ಮಾತು ಸಾಗಿಸುವುದು. ಹಿರಿಯರೆದುರು ಗಂಡ ಹೆಂಡತಿ ನೇರವಾಗಿ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಆ ಮನೆಯಲ್ಲಿ ಹಿರಿಯರಿಲ್ಲದ ಜಾಗವೂ ಇರಲಿಲ್ಲ. ಮೂರು ಮಾರು ದೂರದಲ್ಲಿ ಕೂತ ಇಬ್ಬರೂ ನನ್ನ ಮುಖ ನೋಡಿಕೊಂಡು ಒಬ್ಬರಿಗೊಬ್ಬರು ಮಾತಾಡುತ್ತಿದ್ದರು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಅಥವಾ ಹದಿಮೂರು.

ಕಾಕಾನಿಗೆ ಇದ್ದ ಆಸೆ ಒಂದೇ. ಪಕ್ಕದ ಸೀಟಿನಲ್ಲಿ ಕಾಕು ಕೂಡಬೇಕು, ಅವಳ ತವರು ಅಫಜಲಪುರದವರೆಗೆ ಇಬ್ಬರೇ ಹೋಗಬೇಕು. ಇದನ್ನು ಅವನು ಹೇಳಿರಲಿಲ್ಲ. ಆದರೆ ದಿನಾ ಸಂಜೆ ಖಾಲಿ ಸೀಟನ್ನು ಒರೆಸುತ್ತಿದ್ದ. ತಾನು ಕೂಡುವ ಸೀಟನ್ನು ಎಂದೂ ಒರೆಸಲಿಲ್ಲ.

"ನಿಮ್ಮ ಕಾಕುಗ ಹೇಳು," ಎಂದ ಒಂದು ದಿನ, "ವಿಲಾಯತದಾಗ ರಾಣಿಗೋಳು ಇಂಥಾದ್ರಾಗೇ ಕೂತು ತಿರಗತಾರ ಅಂತ."

ಕಾಕು ಜೋಳ ಹಸನು ಮಾಡುತ್ತಿದ್ದಳು. ಕೇರುತ್ತಿದ್ದ ಮೊರ ನಿಲ್ಲಿಸಲಿಲ್ಲ. "ನಿಮ್ಮ ಕಾಕಾಗ ಕೇಳು, ವಿಲಾಯತದಾಗ ಎರಿ ಮಣ್ಣು ಅದ ಏನು? ನೆಲಕ್ಕ ಕುಂಡಿ ಹಚ್ಚಿ ಕೂಡೂದಿದ್ರ ನಾ ಮನ್ಯಾಗೇ ಕೂಡ್ತೇನಿ. ಅದಕ್ಕ ಪೆಟ್ರೋಲ ಯಾಕ ಸುಡಬೇಕು?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಕಾರಿನ ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರವಿತ್ತು. ಮಳೆ ಬಿದ್ದರೆ ಕಡ್ಡಿಗಳ ಸಂದಿಯಲ್ಲಿ ನಮ್ಮ ಕಪ್ಪು ಎರೆ ಮಣ್ಣು ಮೆತ್ತಿಕೊಂಡು ಗಾಲಿಗಳು ಸಗಣಿಯ ಕುಳ್ಳಿನಂತಾಗುತ್ತಿದ್ದವು. ಕಾಕು ಒಳಗೆ ಹೋಗಿ ತನ್ನ ಹಿತ್ತಾಳೆ ಚರಿಗೆ ತಂದಳು. ಅದನ್ನು ಅಂಗಳದ ನಡುವೆ ಇಟ್ಟು, ನನ್ನ ಕಡೆ ನೋಡಿ, ಕಾಕಾನಿಗೆ ಹೇಳಿದಳು. "ಈ ಚರಗಿ ಬೀಳಲಾರದಂಗ ಗಾಡಿ ಮ್ಯಾಲಿಂದ ಹಾದು ಹೋಗ್ಲಿ. ಅವತ್ತ ಕೂಡ್ತೇನಿ."

ಕಾಕಾ ಅಲ್ಲಿಯೇ ಪ್ರಯತ್ನಿಸಿದ. ಚರಿಗೆ ಉರುಳಿ ಮೂರು ಸುತ್ತು ಹೊಡೆದು ಬಾವಿಯ ಕಟ್ಟೆಗೆ ಬಡಿಯಿತು. ಆ ನೆಗ್ಗು ಕೊನೆಯವರೆಗೂ ಹೋಗಲಿಲ್ಲ.

ಮೂರು ಇಂಚು ಕಡಿಮೆ ಬಿದ್ದಿತ್ತು. ದೊಡ್ಡ ಗಾಲಿ ಹಾಕಬೇಕು, ದೊಡ್ಡ ಗಾಲಿಗೆ ಹಣ ಬೇಕು, ಹಣಕ್ಕೆ ಹಳೆಯ ಗಾಲಿ ಮಾರಬೇಕು ಎಂದು ತೀರ್ಮಾನವಾಯಿತು. ಆದರೆ ಬಳಸಿದ ಓಟದ ಕಾರಿನ ಗಾಲಿಗೆ ಎಷ್ಟು ಬೆಲೆ? ಆಳಂದದಲ್ಲಿ ಯಾರಿಗೆ ಗೊತ್ತಿರಬೇಕು? ನಾನು ಒಂದು ಸೂತ್ರ ಕಟ್ಟಿದೆ. ಹೊಸದರ ಬೆಲೆ ಇಷ್ಟು, ವರ್ಷಕ್ಕೆ ಇಷ್ಟು ಸವಕಳಿ, ತುಕ್ಕಿಗೆ ಇಷ್ಟು, ಮುರಿದ ಕಡ್ಡಿಗೆ ಇಷ್ಟು. ಎರಡು ಹಾಳೆ ತುಂಬಿತು. ನನ್ನ ಲೆಕ್ಕದ ಪ್ರಕಾರ ಗಾಲಿಗಳನ್ನು ಒಯ್ಯುವವನಿಗೆ ಕಾಕಾನೇ ದುಡ್ಡು ಕೊಡಬೇಕಾಗುತ್ತಿತ್ತು. ಆ ಒಂದು ಪೇಪರು ಯಾಕೆ ಉಳಿದಿತ್ತು ಎಂಬುದು ಮನೆಯವರಿಗೆಲ್ಲ ಅವತ್ತು ತಿಳಿಯಿತು.

ಆಗ ಕಾಕು ಒಲೆಯ ಮುಂದಿನಿಂದ ಹೇಳಿದಳು. "ದಲಾಲ ಖಾಸಿಂಸಾಬಗ ಕರೀಲಿ. ಎತ್ತಿಗೆ ಬೆಲಿ ಕಟ್ಟಾಂವಗ ಗಾಲಿಗೆ ಕಟ್ಟಾಕ ಬರೂದಿಲ್ಲೇನು?"

ಖಾಸಿಂಸಾಬ ಜೇವರ್ಗಿಯ ದನದ ಸಂತೆಯ ದಲಾಲ. ಅಫಜಲಪುರ, ಆಳಂದ ಎಲ್ಲ ಕಡೆ ಅವನ ಮಾತೇ ಕೊನೆಯ ಮಾತು. ಕಾರ ಹುಣ್ಣಿಮೆ ಮುಗಿದ ಮೇಲೆ ಬಂದ. ಬಿಳಿ ಗಡ್ಡ, ಹಸಿರು ಟವೆಲ್ಲು. ಜೊತೆಗೆ ಒಬ್ಬ ಮಾತಾಡದ ಮನುಷ್ಯ. ದೊಡ್ಡ ಮೀಸೆ, ಒಂದು ಕಿವಿಗೆ ಮಾತ್ರ ಬಂಗಾರದ ಒಂಟಿ. "ಸೋಲಾಪುರದ ಪಾರ್ಟಿ," ಎಂದು ಖಾಸಿಂಸಾಬ ಪರಿಚಯಿಸಿದ. "ಅಲ್ಲಿ ಇಂಥಾ ಗಾಡಿ ಇಟ್ಟ ಶೋಕಿ ಮಂದಿ ಭಾಳ ಅದಾರ."

ಐದೂ ಗಾಲಿಗಳನ್ನು ಬಿಚ್ಚಿ ಬೇವಿನ ಗಿಡಕ್ಕೆ ಒರಗಿಸಿದ್ದೆವು. ಖಾಸಿಂಸಾಬ ಒಂದೊಂದರ ಸುತ್ತಲೂ ಎರಡೆರಡು ಸಲ ನಡೆದ. ಕುಕ್ಕರಗಾಲಲ್ಲಿ ಕೂತು ಕಡ್ಡಿ ಎಣಿಸಿದ. ಉಗುರಿನಿಂದ ಪ್ರತಿ ಕಡ್ಡಿಯನ್ನೂ ಮೀಟಿ, ಕಿವಿಗೊಟ್ಟು ಕೇಳಿದ. ಒಂದು ಗಾಲಿಯನ್ನು ಅಂಗಳದಲ್ಲಿ ಉರುಳಿಸಿ ಹಿಂದೆ ಹಿಂದೆ ಓಡಿ ನಡಿಗೆ ನೋಡಿದ.

"ಮುಂದಿನ ಜೋಡಿ ಛಲೋ ಹೊಂದ್ಯಾವ. ಹಿಂದಿನ ಜೋಡ್ಯಾಗ ಒಂದು ಜರಾ ಕುಂಟತದ. ಈ ಐದನೇದ್ದು ಯಾರ ಜೋಡಿ?"

"ಅದು ಸ್ಟೆಪ್ನಿ," ಎಂದೆ.

"ಒಂಟಿ ಎತ್ತಿಗೆ ಬೆಲಿ ಇಲ್ರಿ ಮಾಸ್ತರ. ಜೋಡಿ ಹಿಂದ ಬಂದ್ರ ಬರ್ಲಿ."

ಗಾಲಿಯ ಅಗಲವೆಷ್ಟು, ಎಷ್ಟು ಮೈಲಿ ಓಡಿದೆ ಎಂದು ಅವನು ಕೇಳಲೇ ಇಲ್ಲ. ಯಾರು ಓಡಿಸುತ್ತಿದ್ದರು, ಸಿಟ್ಟಿನ ಮನುಷ್ಯರೋ ಸಮಾಧಾನದವರೋ ಎಂದು ಕೇಳಿದ. ಆಗ ನಾವು ನಕ್ಕೆವು. ಬಳಸಿದ ಗಾಲಿ ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು ಎಂದು ನನಗೆ ತಿಳಿಯಲು ಎರಡು ಸ್ಕೂಟರು ಬೇಕಾದವು.

ತಡೆಯಲಾರದೆ ಕಾಕಾ ಬಾಯಿ ಬಿಟ್ಟ. "ನನಗ ಒಂದು ಗಾಲಿಗೆ..."

"ಅರೆರೆರೆ!" ಖಾಸಿಂಸಾಬ ಅವನ ಬಾಯಿಗೆ ಕೈ ಅಡ್ಡ ಹಿಡಿದ. "ಸಾವಕಾರ್ರ, ಬಾಯಿಲೆ ರೇಟ ಹೇಳತಾರೇನ್ರಿ? ಮಾಲ ಅಲ್ಲೇ ನಿಂತದ. ಅದರ ಮುಂದ!"

ಹಸಿರು ಟವೆಲ್ಲು ಹೆಗಲಿನಿಂದ ಇಳಿಯಿತು. ದನದ ಸಂತೆ ನೋಡಿದವರಿಗೆ ಇದು ಹೊಸದಲ್ಲ. ದಲಾಲ, ಮಾರುವವನು ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಿಡಿಯುತ್ತಾರೆ. ಎಷ್ಟು ಬೆರಳು ಒತ್ತಿದರೆ ಅಷ್ಟು. ನಂತರ ದಲಾಲ ಕೊಳ್ಳುವವನ ಕೈ ಹಿಡಿಯುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಮುಖ ಮಾತ್ರ. ಆದರೆ ತೊಗರಿ ವ್ಯಾಪಾರಿ ಕಾಕಾ ತನ್ನ ಜನ್ಮದಲ್ಲಿ ಎತ್ತು ಮಾರಿದವನಲ್ಲ. ಖಾಸಿಂಸಾಬ ಮೊದಲ ಬೆರಳು ಒತ್ತಿದ ಕೂಡಲೇ ಕಾಕಾ ಕಿಸಕ್ಕನೆ ನಕ್ಕ. ಅವನಿಗೆ ಕಚಗುಳಿ ಬಹಳ.

"ನಗಬ್ಯಾಡ್ರಿ ಸಾವಕಾರ್ರ, ನಕ್ಕ್ರ ಪಾರ್ಟಿ ರೇಟ ಇಳಸತದ."

ಕಾಕಾ ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಮೈ ಹಿಂಡಿಕೊಂಡು ಬೆರಳು ಒತ್ತಿದ. ಅವನ ಮುಖ ನೋಡಿ ಸೋಲಾಪುರದ ಪಾರ್ಟಿಗೆ ಗಾಲಿಗಳನ್ನು ಕಳೆದುಕೊಳ್ಳುವ ದುಃಖ ಎಂದು ತೋರಿರಬೇಕು. ಆ ಮನುಷ್ಯ ತಲೆ ತಗ್ಗಿಸಿದ.

ಅಷ್ಟರಲ್ಲಿ ಕಾಕು ನನ್ನನ್ನು ಒಳಗೆ ಕರೆದು ಚಹಾದ ತಾಟು ಕೊಟ್ಟಳು. "ಈ ಗ್ಲಾಸ್ ಖಾಸಿಂಸಾಬಗ. ಇದು ನಿಮ್ಮ ಕಾಕಾಗ. ಈ ಬೆಲ್ಲದ್ದು ಸೋಲಾಪುರದವರಿಗೆ. ಅವರು ಸಕ್ಕರಿದು ಕುಡಿಯೂದಿಲ್ಲ."

ನಾನು ಒಯ್ದು ಕೊಟ್ಟೆ. ಅವರು ಕುಡಿದರು. ಕಾಕುವಿನ ಆ ಕೊನೆಯ ಮಾತನ್ನು ನಾನು ಅವತ್ತೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಇಷ್ಟು ಉದ್ದ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ವ್ಯಾಪಾರ ಮುಗಿಯಿತು. ಕಾಕಾನ ಮುಖ ಬಹಳ ಪ್ರಸನ್ನವಾಗಿತ್ತು, ಸ್ವಲ್ಪ ಗಾಬರಿಯೂ ಆಗಿತ್ತು. ಎಷ್ಟಕ್ಕೆ ಕೊಟ್ಟೆ ಎಂದು ಅಜ್ಜಿ ಕೇಳಿದಳು, ಅಪ್ಪ ಕೇಳಿದ, ನಾನು ನೂರು ಸಲ ಕೇಳಿದೆ. ಟವೆಲ್ಲಿನ ಕೆಳಗಿನ ಮಾತು ಹೊರಗೆ ಹೇಳಬಾರದೆಂದು ಖಾಸಿಂಸಾಬ ಆಣೆ ಹಾಕಿಸಿದ್ದನಂತೆ. ಕಾಕು ಒಬ್ಬಳೇ ಕೇಳಲಿಲ್ಲ.

ಈಗ ಹೊಸ ಗಾಲಿಗಳ ಸಂಗತಿ. ಅಳತೆಯ ಜವಾಬ್ದಾರಿಯನ್ನು ಮತ್ತೆ ನನಗೇ ಯಾಕೆ ಕೊಟ್ಟರೋ ತಿಳಿಯದು. ನಾನು ಹೇಳಿದೆ, ಮೂರು ಇಂಚು ಎತ್ತರ ಬೇಕು, ಹಾಗಾದರೆ ಮೂರು ಇಂಚು ದೊಡ್ಡ ಟೈರು. ಬಂಡಿ ರಿಪೇರಿಗೆ ಬಂದಿದ್ದ ಬಡಿಗೇರ ಮೌನೇಶಪ್ಪ ಅಲ್ಲಿಯೇ ಕೂತು ಬಾಚಿ ಮಸೆಯುತ್ತಿದ್ದ. ಮುಖ ಎತ್ತದೆ ಹೇಳಿದ.

"ಮಾಸ್ತರ, ಗಾಲಿ ಬೆಳದ್ರ ಕೆಳಗಷ್ಟ ಬೆಳೀತದೇನು? ಮ್ಯಾಲೂ ಬೆಳೀತದ. ಅಚ್ಚು ನಡುವ ಇರ್ತದ. ಮೂರು ಹಾಕಿದ್ರ ಒಂದೂವರಿ ಏಳ್ತದ ನೋಡ್ರಿ."

ನಾನು ಅಂಗಳದಲ್ಲಿ ಕಡ್ಡಿಯಿಂದ ಎರಡು ವೃತ್ತ ಬರೆದೆ. ಅವನು ಹೇಳಿದ್ದು ನಿಜ. ವೃತ್ತಗಳನ್ನು ಕಾಲಿನಿಂದ ಅಳಿಸಿ, "ನಾನೂ ಅದನ್ನೇ ಹೇಳ್ತಿದ್ದೆ," ಎಂದೆ. ಉಳಿದ ಒಂದೂವರೆ ಇಂಚಿಗೆ ಸ್ಪ್ರಿಂಗಿನ ಪಟ್ಟಿಗಳ ಕೆಳಗೆ ಜಾಲಿ ಕಟ್ಟಿಗೆಯ ತುಂಡು ಕೊಡುತ್ತೇನೆಂದು ಮೌನೇಶಪ್ಪ ಒಪ್ಪಿಕೊಂಡ.

ಖಾಸಿಂಸಾಬನ ಮಾತಿನ ಮೇಲೆ ಜೇವರ್ಗಿಯ ಒಂದು ಗ್ಯಾರೇಜಿನಿಂದ ನಾಲ್ಕು ಕಬ್ಬಿಣದ ಗಾಲಿ ಬಂದವು. ಮಿಲಿಟರಿಯವರು ಹರಾಜು ಹಾಕಿದ್ದ ಯಾವುದೋ ಗಾಡಿಯವು. ಟೈರು ಇರಲಿಲ್ಲ, ಅಳತೆಯ ಅಂಕಿ ತುಕ್ಕಿನಲ್ಲಿ ಹೋಗಿತ್ತು. ಟೇಪು ಹಿಡಿದು ಗಾಲಿಯ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದೆ. ಹದಿನೇಳು. "ಹದಿನೇಳರ ಟೈರು," ಎಂದು ಚೀಟಿ ಬರೆದೆ.

ಮೌನೇಶಪ್ಪ ಒಪ್ಪಲಿಲ್ಲ. "ಒಂದು ಇಂಚು ಸಣ್ಣಂದು ತರ್ರಿ. ಪಟ್ಟಿ ಯಾವಾಗ್ಲೂ ಗಾಲಿಕಿಂತ ಸಣ್ಣಿರಬೇಕು. ಇಲ್ಲಾಂದ್ರ ಜಾರತದ."

ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುವ ಕ್ರಮ ಅದು. ಪಟ್ಟಿಯನ್ನು ಸಣ್ಣದಾಗಿಯೇ ಮಾಡಿ, ಕೆಂಪಗೆ ಕಾಯಿಸಿ ಏರಿಸಿ, ನೀರು ಸುರಿದರೆ ಅದು ಕುಗ್ಗಿ ಕಟ್ಟಿಗೆಯನ್ನು ಅಪ್ಪಿ ಹಿಡಿಯುತ್ತದೆ.

"ಇದು ರಬ್ಬರ ಮೌನೇಶಪ್ಪ, ಕಾಸಿದ್ರ ಸುಟ್ಟು ಹೋಗ್ತದ."

"ಕಾಸಬ್ಯಾಡ್ರಿ. ಖರೆ ಸಣ್ಣಂದು ತರ್ರಿ."

ಕಾಕಾ ನನ್ನನ್ನು ನೋಡಿದ, ಅವನನ್ನು ನೋಡಿದ. ನನ್ನ ಉಳಿದ ಗಣಿತದ ಪೇಪರಿನ ನೆನಪಾಗಿರಬೇಕು. ಚೀಟಿಯಲ್ಲಿ ಹದಿನೇಳನ್ನು ಹೊಡೆದು ಹದಿನಾರು ಬರೆದ. ಕಲಬುರ್ಗಿಯಿಂದ ಬಂದ ಟೈರುಗಳು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಟೈರಿನ ಅಳತೆಯೆಂದರೆ ಹೊರ ಅಂಚಿನದಲ್ಲ, ಒಳಗೆ ಟೈರು ಕೂಡುವ ಜಾಗದ್ದು ಎಂಬುದು ನನಗೆ ಗೊತ್ತಾದದ್ದು ಬಹಳ ವರ್ಷಗಳ ನಂತರ. ನಾನು ಅಳೆದದ್ದು ತಪ್ಪು, ಅವನು ಹೇಳಿದ ಕಾರಣವೂ ತಪ್ಪು. ಎರಡೂ ಒಂದನ್ನೊಂದು ನುಂಗಿಕೊಂಡು ಸರಿಯಾದ ಅಂಕಿ ಉಳಿಯಿತು. ನನ್ನ ಬದುಕಿನಲ್ಲಿ ಸರಿಹೋದ ಬಹಳಷ್ಟು ಸಂಗತಿಗಳು ಹೀಗೆಯೇ ಸರಿಹೋಗಿವೆ. ಅವುಗಳನ್ನು ಬಿಚ್ಚಿ ನೋಡುವ ಧೈರ್ಯ ಮಾಡಿಲ್ಲ.

ಗ್ಯಾರೇಜಿನವನು ಬಂದು ಅಚ್ಚಿನ ತುದಿಯ ಹಬ್ಬುಗಳನ್ನೂ ಬದಲಿಸಿ ಗಾಲಿ ಕೂಡಿಸಿದ. ಕಾರು ಎದ್ದು ನಿಂತಿತು. ಮೊಳಕಾಲಿನ ಮೇಲೆ ಧೋತರ ಎತ್ತಿ ಹಳ್ಳ ದಾಟುವ ಮುದುಕನ ಹಾಗೆ ಕಾಣುತ್ತಿತ್ತು. ಕಾಕು ಚರಿಗೆ ತಂದಿಟ್ಟಳು, ಈ ಸಲ ನೀರು ತುಂಬಿ. ಕಾರು ಮೇಲಿನಿಂದ ಹಾದು ಹೋಯಿತು. ನೀರು ತುಳುಕಲಿಲ್ಲ. ಕಾಕು ಚರಿಗೆ ಎತ್ತಿಕೊಂಡು, ಆ ನೀರನ್ನು ತುಳಸಿಗೆ ಹಾಕಿ, ನನಗೆ ಹೇಳಿದಳು. "ಸೋಮವಾರ ಬ್ಯಾಡ, ಮಂಗಳವಾರ ಬ್ಯಾಡ. ಬುಧವಾರ ಹೊಂಡೂದು ಅಂತ ಹೇಳು."

ಆದರೆ ಒಂದು ಊನ ಉಳಿದಿತ್ತು. ಹೈದರಾಬಾದಿನಲ್ಲಿ ಯಾವ ಗೋಡೆಗೆ ಗುದ್ದಿದ್ದರೋ, ಕಾರಿನ ಎಡಗಡೆಯ ಮಡ್‌ಗಾರ್ಡ್ ಒಳಕ್ಕೆ ಕುಸಿದಿತ್ತು. ಎಡಕ್ಕೆ ತಿರುಗಿಸಿದರೆ ಹೊಸ ಟೈರು ಅದಕ್ಕೆ ಉಜ್ಜಿ ಚರ್ರೆಂದು ನಿಲ್ಲುತ್ತಿತ್ತು. ಬಲಕ್ಕೆ ಎಷ್ಟು ಬೇಕಾದರೂ ತಿರುಗುತ್ತಿತ್ತು. ರಿಪೇರಿಗೆ ಮತ್ತೆ ಎಂಟು ದಿನ ಬೇಕು. ಬುಧವಾರ ತಪ್ಪಿದರೆ ಕಾಕು ಮನಸ್ಸು ಬದಲಿಸಿಬಿಟ್ಟರೆ?

"ಎಡಕ್ಕ ಹೋಗಬೇಕಾದ್ರ ಮೂರು ಸಲ ಬಲಕ್ಕ ತಿರುಗಿದ್ರಾತು," ಎಂದ ಕಾಕಾ.

ಶ್ರಾವಣದ ಆ ಬುಧವಾರ ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿನ ಮೂಲೆಯ ಹೋಟೆಲಿನಲ್ಲಿ, ಪಂಪು ಮತ್ತು ಪಂಕ್ಚರ್ ಸಾಮಾನಿನ ಚೀಲ ಹಿಡಿದು, ಅಫಜಲಪುರದ ಬಸ್ಸು ಕಾಯುತ್ತಿದ್ದೆ. ಅವರ ಹಿಂದೆ ನನ್ನನ್ನು ಬಸ್ಸಿನಲ್ಲಿ ಕಳಿಸುವುದೆಂದಾಗಿತ್ತು. ಆ ಮೂಲೆಯಲ್ಲಿ ಎಡಕ್ಕೆ ತಿರುಗಬೇಕು. ಕಾರು ಬಂತು, ತಿರುಗದೆ ನೆಟ್ಟಗೆ ಹೋಯಿತು. ಕಾಕು ತಲೆಯ ಮೇಲಿನ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ತೊಡೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯಿಂದ ಮತ್ತೆ ಬಂತು. ಓಣಿ ತಪ್ಪಿತ್ತೋ ಏನೋ, ಮತ್ತೊಂದು ಸುತ್ತು ಹೋಯಿತು. ಹೋಟೆಲಿನವರೆಲ್ಲ ಹೊರಗೆ ಬಂದು ನಿಂತರು.

"ಏನ್ ಸಾವಕಾರ್ರ, ಪ್ರದಕ್ಷಿಣಿ ಹಾಕಾಕತ್ತೀರೇನು?" ಎಂದು ಯಾರೋ ಕೂಗಿದರು.

ಮೂರನೆಯ ಸಲ ಬಂದಾಗ ಸೆರಗು ಹಣೆಯ ಮೇಲಿತ್ತು. ಕಾಕು ಹೋಟೆಲಿನ ಕಡೆ ತಿರುಗಿ, ಮಧ್ಯಸ್ಥ ಯಾರೂ ಇಲ್ಲದೆ, ತಾನೇ ಹೇಳಿದಳು. "ಹೌದಪ್ಪ. ಇನ್ನೆರಡು ಉಳದಾವ!"

ನನ್ನ ಬಸ್ಸು ಭೂಸನೂರ ದಾಟಿದ ಮೇಲೆ ಅವರನ್ನು ಹಿಂದೆ ಹಾಕಿತು. ಕಾರನ್ನು ಬೇವಿನ ನೆರಳಿಗೆ ನಿಲ್ಲಿಸಿ ಇಬ್ಬರೂ ಸೀಟಿನಲ್ಲಿ ಕೂತೇ ರೊಟ್ಟಿ ತಿನ್ನುತ್ತಿದ್ದರು. ಕಾಕಾ ಕೈ ಬೀಸಿ ಏನೋ ಹೇಳುತ್ತಿದ್ದ. ಕಾಕು ನಗುತ್ತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದನ್ನು ನಾನು ನಗು ಎಂದು ತಿಳಿದಿರಲೂಬಹುದು. ಬಸ್ಸಿನ ಕಿಟಕಿಗೆ ಧೂಳಿತ್ತು.

ಅಫಜಲಪುರದಲ್ಲಿ ಕಾಕುವಿನ ಅಣ್ಣ ಸಿದ್ದಣ್ಣ ಮಾವನ ಮನೆಗೆ ಅವರಿಗಿಂತ ಮೊದಲೇ ಮುಟ್ಟಿದೆ. ಬಾಗಿಲು ತೆರೆದವನು ಆ ಮನೆಯ ಹೊಲ ನೋಡಿಕೊಳ್ಳಲು ಈಚೆಗೆ ಸೇರಿದ ಮನುಷ್ಯ. ದೊಡ್ಡ ಮೀಸೆ, ಒಂದೇ ಕಿವಿಗೆ ಒಂಟಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಸೋಲಾಪುರ?" ಎಂದೆ.

"ಕೈಕಾಲು ತೊಳಕೊಂಡ ಬರ್ರಿ," ಎಂದ ಅವನು.

ಹಿತ್ತಲಿಗೆ ಹೋದೆ. ನೀರಿನ ಹಂಡೆಯ ಪಕ್ಕದ ಗೋಡೆಗೆ ಗಾಲಿಗಳನ್ನು ಒರಗಿಸಿದ್ದರು. ನಾಲ್ಕೋ ಐದೋ, ಎಣಿಸಲಿಲ್ಲ. ಕಡ್ಡಿಗಳ ನಡುವೆ ಹೀರೆಬಳ್ಳಿ ಹಬ್ಬಿ ಹಳದಿ ಹೂ ಬಿಟ್ಟಿತ್ತು. ಒಂದರಲ್ಲಿ ತಾಮ್ರದ ತಂತಿ. ಬೆಲ್ಲದ ಚಹಾ ನನಗೆ ಆಗ ನೆನಪಾಯಿತು.

ಮೂರು ತಾಸಿನ ಮೇಲೆ ಕಾರು ಬಂತು. ಕಾಕಾ ಇಳಿದವನೇ ಮೀಟರು ತೋರಿಸಿ ಸಿದ್ದಣ್ಣ ಮಾವನಿಗೆ ಹೇಳಿದ. "ನೋಡ್ರಿ, ದೊಡ್ಡ ಗಾಲಿ ಹಾಕಿದ ಮ್ಯಾಲ ನಿಮ್ಮ ಊರು ನಾಕು ಮೈಲ ಹತ್ರ ಬಂದದ." ಗಾಲಿ ದೊಡ್ಡದಾದರೆ ಸುತ್ತು ಕಡಿಮೆಯಾಗಿ ಮೀಟರು ಕಡಿಮೆ ತೋರಿಸುತ್ತದೆ. ನಾನು ಅದನ್ನು ಹೇಳಹೋದೆ. ಕಾಕು ನನ್ನ ಕಾಲು ತುಳಿದಳು.

ಕಾಕಾ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಬಹಳ ಹೊತ್ತು ಬರಲಿಲ್ಲ. ನೀರಿನ ಸಪ್ಪಳ ಸ್ವಲ್ಪ ಹೊತ್ತು ಕೇಳಿತು, ಆಮೇಲೆ ನಿಂತಿತು. ಕಾಕು ನಡುಮನೆಯಲ್ಲಿ ತಲೆ ತಗ್ಗಿಸಿ ಬಳೆ ಸರಿ ಮಾಡಿಕೊಳ್ಳುತ್ತಿದ್ದಳು. ಬಳೆ ಸರಿಯಾಗಿಯೇ ಇದ್ದವು. ಟವೆಲ್ಲಿನಿಂದ ಮುಖ ಒರೆಸುತ್ತ ಕಾಕಾ ಒಳಗೆ ಬಂದ. ಹಿರಿಯರೆಲ್ಲ ಕೂತಿದ್ದರು. ನಾನು ಮಾತು ಸಾಗಿಸಲು ಸಿದ್ಧನಾಗಿ ನಡುವೆ ನಿಂತೆ. ಅವನು ನನ್ನನ್ನು ದಾಟಿ ನೇರವಾಗಿ ಅವಳಿಗೇ ಹೇಳಿದ.

"ಹಿತ್ತಲದಾಗ ಹೀರಿಬಳ್ಳಿ ಛಲೋ ಹಬ್ಯಾದ."

"ಹೂಂ," ಎಂದಳು ಕಾಕು. "ಮಳಿ ಛಲೋ ಆಗ್ಯಾದ."

ಅಷ್ಟೇ. ಅವತ್ತಿನಿಂದ ನನ್ನ ನೌಕರಿ ಹೋಯಿತು.

ಗಾಲಿಗಳಿಗೆ ಟವೆಲ್ಲಿನ ಕೆಳಗೆ ಎಷ್ಟು ಬೆಲೆ ಕಟ್ಟಿದರೋ ನನಗೆ ಗೊತ್ತಿಲ್ಲ. ಆ ಹಣ ಸಿದ್ದಣ್ಣ ಮಾವನದೋ ಕಾಕು ಕೂಡಿಟ್ಟದ್ದೋ ಗೊತ್ತಿಲ್ಲ. ಕಾಕಾ ಹಿತ್ತಲಲ್ಲಿ ಆ ತಾಮ್ರದ ತಂತಿಯನ್ನು ನೋಡಿದನೋ, ಬರೀ ಬಳ್ಳಿ ನೋಡಿದನೋ, ಕೇಳಬಹುದಾಗಿದ್ದಾಗ ಕೇಳಲಿಲ್ಲ. ಈಗ ಕೇಳಲು ಇಬ್ಬರೂ ಇಲ್ಲ. ಆಳಂದದಿಂದ ಅಫಜಲಪುರದವರೆಗೆ ಅವರು ಏನು ಮಾತಾಡಿಕೊಂಡರು ಎಂಬುದೂ ಗೊತ್ತಿಲ್ಲ. ಆ ಕಾರಿನಲ್ಲಿ ಮೂರನೆಯವನಿಗೆ ಜಾಗವಿರಲಿಲ್ಲ.